ದೂರು ಪೆಟ್ಟಿಗೆನಾ, ಆನ್‌ಲೈನ್ ಫಾರ್ಮಾ? ನನ್ನ ಪೆಟ್ಟಿಗೆ ಖಾಲಿಯಾದ ಕತೆ ಕೇಳಿ

ಶಾಲೆಯ ಮಕ್ಕಳ ಸುರಕ್ಷತಾ ಸಮಿತಿಗೆ ಹೊಸದಾಗಿ ಸೇರಿದ್ದೀರಿ. ಮಕ್ಕಳು, ಪೋಷಕರು ಏನು ಹೇಳುತ್ತಾರೆ ಅಂತ ತಿಳಿಯಲು ದೂರು ಪೆಟ್ಟಿಗೆ ಒಳ್ಳೆಯದಾ, ಆನ್‌ಲೈನ್ ಫಾರ್ಮ್ ಒಳ್ಳೆಯದಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಎರಡು ತಿಂಗಳು ಕಳೆದಿದ್ದೆ. ಕೊನೆಗೆ ಪೆಟ್ಟಿಗೆ ಇಟ್ಟೆವು. ಮೇಲೆ "ಹೆಸರು ಬರೆಯಬೇಕಾಗಿಲ್ಲ" ಅಂತ ಅಂಟಿಸಿದೆವು. ಬೀಗದ ಕೈ ನನ್ನ ಹತ್ತಿರ.

ಮೊದಲ ವಾರ ಬರೀ ತಮಾಷೆ. ಹೋಂವರ್ಕ್ ಬೇಡ, ಆಟದ ಪೀರಿಯಡ್ ಜಾಸ್ತಿ ಬೇಕು. ಒಂದರಲ್ಲಿ ನನ್ನದೇ ಕಾರ್ಟೂನ್, ಚೆನ್ನಾಗಿಯೇ ಬಿಡಿಸಿದ್ದರು. ಎರಡನೇ ವಾರ ಲೆಕ್ಕದ ನೋಟ್‌ಬುಕ್ಕಿನಿಂದ ಹರಿದ ಒಂದು ಚೂರು ಬಂತು. "ಕೆಳಗಿನ ಟಾಯ್ಲೆಟ್‌ಗೆ ನಾನು ಹೋಗಲ್ಲ. ಅದಕ್ಕೇ ನೀರು ಕುಡಿಯಲ್ಲ."

ಅಕ್ಷರದ ಗುರುತು ಸಿಕ್ಕಿತು. 'ಳ'ದ ಬಾಲವನ್ನು ಗೆರೆ ದಾಟಿಸಿ ಎಳೆಯುವ ಹುಡುಗಿ ನನ್ನ ಕ್ಲಾಸಿನಲ್ಲಿ ಒಬ್ಬಳೇ. ಪಾಠ ಮುಗಿದ ಮೇಲೆ ಅವಳ ಬೆಂಚಿನ ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ಕೇಳಿದೆ. "ಇದು ನೀನು ಬರೆದಿದ್ದಾ ಪುಟ್ಟಾ?"

ಅಕ್ಕಪಕ್ಕದ ಮೂರು ತಲೆ ತಿರುಗಿದವು. "ಅಲ್ಲ ಮಿಸ್" ಅಂದಳು. ಪೆನ್ಸಿಲ್ ಡಬ್ಬಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನವರೇ ಇದನ್ನು ಮಾಡುವುದು. ನಾನು ಗದರಿಸಲಿಲ್ಲ. ದನಿ ಏರಿಸಲಿಲ್ಲ. ಅವಳಿಗೆ ಸಹಾಯ ಮಾಡಬೇಕು ಅಂತಲೇ ಹೋಗಿದ್ದೆ. ಆದರೆ ಹೆಸರು ಬೇಡ ಅಂದವಳೇ ಎರಡನೇ ವಾರಕ್ಕೆ ಹೆಸರು ಹುಡುಕಿದೆ. ಚೀಟಿ ಹೇಳಿದ್ದು ಟಾಯ್ಲೆಟ್ ವಿಷಯ, ನಾನು ಬಿದ್ದಿದ್ದು ಹುಡುಗಿಯ ಹಿಂದೆ. ನಾನು ಮಾಡಬೇಕಿದ್ದದ್ದು ಮೆಟ್ಟಿಲಿಳಿದು ಹೋಗಿ ಆ ಟಾಯ್ಲೆಟ್ ನೋಡುವುದು. ಎಷ್ಟೋ ದಿನ ಆದ ಮೇಲೆ ನೋಡಿದೆ. ನಾಲ್ಕು ಬಾಗಿಲಲ್ಲಿ ಎರಡಕ್ಕೆ ಚಿಲಕವೇ ಇರಲಿಲ್ಲ. ದೊಡ್ಡ ಹುಡುಗಿಯರು ಬಾಗಿಲು ತಳ್ಳಿ ನಗುತ್ತಿದ್ದರು. ಅದನ್ನು ಸರಿ ಮಾಡಲು ಬರೆದವರು ಯಾರು ಅಂತ ಗೊತ್ತಾಗಲೇಬೇಕಿತ್ತಾ?

ಮಿಸ್‌ಗೆ ಕೈಬರಹ ಗೊತ್ತಾಗುತ್ತದೆ ಅನ್ನುವುದು ಸಂಜೆಯೊಳಗೆ ಶಾಲೆಗೆಲ್ಲ ಹಬ್ಬಿತು. ಮೂರನೇ ವಾರದಿಂದ ಪೆಟ್ಟಿಗೆ ಖಾಲಿ. ನಾನು ಸಮಿತಿಯಲ್ಲಿ "ಈ ತಿಂಗಳು ದೂರುಗಳಿಲ್ಲ" ಅಂತ ವರದಿ ಓದಿದೆ. ಎಲ್ಲರಿಗೂ ಖುಷಿ.

ಮುಂದಿನ ಟರ್ಮ್‌ನಲ್ಲಿ ಅವಳ ಅಮ್ಮ ಬಂದರು. ಮಗಳಿಗೆ ಎರಡು ಸಲ ಮೂತ್ರದ ಸೋಂಕು ಆಗಿತ್ತು. "ನಾನು ಮೊದಲೇ ಹೇಳಿದ್ದೆನಲ್ಲ ಮೇಡಂ" ಅಂದರು. ಒಂದು ಸಲ ಗೇಟಿನಲ್ಲಿ ಇರುವವರಿಗೆ. ಒಂದು ಸಲ ಬಸ್ಸಿನ ಆಯಾಗೆ. ಒಂದು ಸಲ ನನಗೇ, ಪೋಷಕರ ಸಭೆಯಲ್ಲಿ, ಹಿಂದೆ ಹತ್ತು ಜನ ಸಾಲು ನಿಂತಿದ್ದಾಗ. ನಾನು "ನೋಡೋಣ" ಅಂದಿದ್ದೆನಂತೆ. ನನಗೆ ನೆನಪೇ ಇಲ್ಲ. ಮೂವರು ಕೇಳಿಸಿಕೊಂಡೆವು, ಒಬ್ಬರೂ ಬರೆದಿಡಲಿಲ್ಲ. ಮೂರು ಮಾತೂ ಒಂದೇ ಪುಟದಲ್ಲಿ ಇದ್ದಿದ್ದರೆ ಯಾರಿಗಾದರೂ ಕಾಣುತ್ತಿತ್ತು.

ಹಾಗಾಗಿ ಪೆಟ್ಟಿಗೆಯೋ ಫಾರ್ಮೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹೇಳಿದ ಮಾತು ಯಾರ ಕೈಗೆ ಹೋಗುತ್ತದೆ, ಮಾರನೇ ದಿನ ಏನಾಗುತ್ತದೆ, ಅದನ್ನು ಮೊದಲು ತೀರ್ಮಾನಿಸಿ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡುವುದು ಮಕ್ಕಳ ಹಕ್ಕು, ಆ ಮಾತಿಗೆ ತೂಕ ಕೊಡಬೇಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಲಾರಾ ಲಂಡಿ ಅನ್ನುವ ಪ್ರಾಧ್ಯಾಪಕಿ 2007ರಲ್ಲಿ ಇದನ್ನೇ ನಾಲ್ಕು ಭಾಗ ಮಾಡಿ ಬರೆದರು: ಮಾತಾಡಲು ಜಾಗ, ಮಾತು, ಕೇಳಿಸಿಕೊಳ್ಳುವವರು, ಆ ಮಾತಿನಿಂದ ಆಗುವ ಬದಲಾವಣೆ. ನಾವು ಜಾಗ ಕೊಟ್ಟು ಕೈ ತೊಳೆದುಕೊಂಡಿದ್ದೆವು.

ಆಮೇಲೆ ಕೆಲಸಕ್ಕೆ ಬಂದದ್ದು ಶಾಲೆಯ ನಕ್ಷೆ. ಎಲ್ಲ ಮಕ್ಕಳಿಗೂ ಒಂದೊಂದು ಹಾಳೆ, ಎಲ್ಲರಿಗೂ ಕೆಂಪು ಪೆನ್ಸಿಲ್. ಹೋಗಲು ಹೆದರಿಕೆ ಆಗುವ ಜಾಗಕ್ಕೆ ಬಣ್ಣ ಹಚ್ಚಿ ಅಂದೆವು. ಬಣ್ಣಕ್ಕೆ ಕೈಬರಹ ಇಲ್ಲವಲ್ಲ! ಟಾಯ್ಲೆಟ್ ಅಂತೂ ಕೆಂಪಾಗಿತ್ತು. ನಾವು ಯಾರೂ ಊಹಿಸದ ಮೆಟ್ಟಿಲಿನ ತಿರುವೂ ಕೆಂಪಾಗಿತ್ತು. ಚಿಲಕ ಹಾಕಿಸಿದ ದಿನ ಕ್ಲಾಸ್ ಕ್ಲಾಸಿಗೂ ಹೋಗಿ ಹೇಳಿದೆವು, ಮೆಟ್ಟಿಲಿನದು ಯಾಕೆ ತಡವಾಗುತ್ತಿದೆ ಅನ್ನುವುದನ್ನೂ ಸೇರಿಸಿ.

ಯಾರೋ ಹೊಡೆಯುತ್ತಾರೆ, ಮುಟ್ಟುತ್ತಾರೆ ಅಂತ ಚೀಟಿ ಬಂದರೆ ಸುಮ್ನೆ ಇರಲು ಆಗುವುದಿಲ್ಲ. ಅಂಥದ್ದರಲ್ಲಿ ಬರೆದವರನ್ನು ಹುಡುಕಬೇಕಾಗುತ್ತದೆ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ. ಹುಡುಕುವುದು ತರಬೇತಿ ಇರುವವರ ಕೆಲಸ, ನನ್ನ ಹಾಗೆ ಬೆಂಚಿನ ಹತ್ತಿರ ಹೋಗುವುದಲ್ಲ. ಮಗು ತಾನಾಗಿ ಬಂದು ಹೇಳಿದರೆ "ಯಾರಿಗೂ ಹೇಳಲ್ಲ" ಅಂತ ಮಾತ್ರ ಭಾಷೆ ಕೊಡಬೇಡಿ. ಕೆದಕಬೇಡಿ. ಅದು ಹೇಳಿದ ಪದಗಳಲ್ಲೇ ಬರೆದು, ಅದೇ ದಿನ ಜವಾಬ್ದಾರಿ ಇರುವವರಿಗೆ ಮುಟ್ಟಿಸಿ.

ಪೋಷಕರಿಗೆ ಫಾರ್ಮ್ ಬೇಕಿದ್ದರೆ ಕಳಿಸಿ, ಆದರೆ ತುಂಬುವುದು ಹೇಗಿದ್ದರೂ ಸಭೆಗೆ ಬರುವವರೇ. ಉಳಿದವರು ಮಾತಾಡುವುದು ಗೇಟಿನಲ್ಲಿ, ಬಸ್ಸಿನಲ್ಲಿ. ಅಲ್ಲಿರುವವರಿಗೆ ಒಂದೊಂದು ಪುಸ್ತಕ ಕೊಡಿ, ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಇಟ್ಟು ಓದಿ.

ಪೆಟ್ಟಿಗೆ ಈಗಾಗಲೇ ತಂದಿದ್ದರೆ ಇಡಿ, ತೊಂದರೆಯಿಲ್ಲ. ಸ್ಟಾಫ್ ರೂಮಿನ ಎದುರು ಮಾತ್ರ ಬೇಡ. ತೆಗೆಯುವಾಗ ಇಬ್ಬರಿರಿ, ಅದರಲ್ಲಿ ಒಬ್ಬರಾದರೂ ಆ ಮಕ್ಕಳ ನೋಟ್‌ಬುಕ್ ತಿದ್ದದವರಾಗಿರಲಿ.