ಈಜಿಪ್ಷಿಯನ್ ಎಂಬ ಪದ ಎಲ್ಲಿಂದ ಬಂತು? ಈಜಿಪ್ಟಿನವರು ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರಾ? ಜಿಪ್ಸಿ ಎಂಬ ಪದವೂ ಅದರಿಂದಲೇ ಬಂದಿದ್ದಾ?

ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ತಮ್ಮತಮ್ಮಲ್ಲಿ ಮಾತಾಡುವಾಗ ಅವರು ಹಾಗೆ ಕರೆದುಕೊಳ್ಳುವುದಿಲ್ಲ. ಅರಬ್ಬಿಯಲ್ಲಿ ಆ ದೇಶದ ಹೆಸರು ಮಿಸ್ರ್. ಅಲ್ಲಿನ ಮನೆಮಾತಿನಲ್ಲಿ ಅದು ಮಸ್ರ್ ಆಗುತ್ತದೆ. ಆ ದೇಶದವನು ಮಸ್ರಿ. ಕೈರೋ ನಗರವನ್ನೂ ಜನ ಸುಮ್ನೆ ಮಸ್ರ್ ಅಂತಲೇ ಕರೆಯುವುದುಂಟು. ಈ ಹೆಸರಿನ ಮೇಲೆ ಅವರಿಗೆ ತುಂಬ ಪ್ರೀತಿ. 1958ರಲ್ಲಿ ಸಿರಿಯಾ ಜೊತೆ ಒಂದಾದಾಗ ದೇಶದ ಹೆಸರು ಸಂಯುಕ್ತ ಅರಬ್ ಗಣರಾಜ್ಯ ಎಂದಾಯಿತು. 1961ರಲ್ಲಿ ಸಿರಿಯಾ ಹೊರಗೆ ಹೋದರೂ ಅದೇ ಹೆಸರು ಉಳಿಯಿತು. ಮಿಸ್ರ್ ಎಂಬ ಪದ ದೇಶದ ಅಧಿಕೃತ ಹೆಸರಿಗೆ ಮರಳಿದ್ದು 1971ರಲ್ಲಿ. ಅಂದಹಾಗೆ, ಉತ್ತರ ಭಾರತದವರು ಕಲ್ಲುಸಕ್ಕರೆಗೆ ಮಿಶ್ರೀ ಅನ್ನುತ್ತಾರಲ್ಲ, ಅದು ‘ಮಿಸ್ರ್‌ನದು’ ಎಂಬ ಅರ್ಥದಿಂದಲೇ ಬಂದದ್ದು.

ಈಜಿಪ್ಟ್ ಎಂಬುದರ ಮೂಲ ಒಂದು ದೇವಸ್ಥಾನ. ಇಂದಿನ ಕೈರೋದ ದಕ್ಷಿಣಕ್ಕೆ ಮೆಂಫಿಸ್ ಎಂಬ ಹಳೆಯ ರಾಜಧಾನಿ ಇತ್ತು. ಅಲ್ಲಿನ ದೊಡ್ಡ ದೇವರು ಪ್ತಾಹ್. ಶಿಲ್ಪಿಗಳು, ಕುಶಲಕರ್ಮಿಗಳು ಪೂಜಿಸುತ್ತಿದ್ದ ದೇವರು. ಅವನ ಗುಡಿಗೆ ಹುತ್-ಕಾ-ಪ್ತಾಹ್ ಎಂದು ಹೆಸರು. ಹುತ್ ಅಂದರೆ ಮನೆ, ಕಾ ಅಂದರೆ ಜೀವಚೈತನ್ಯ. ಪ್ತಾಹನ ಚೈತನ್ಯ ನೆಲೆಸಿರುವ ಮನೆ ಎಂದಾಯಿತು. ಕಾಲ ಕಳೆದಂತೆ ಗುಡಿಯ ಹೆಸರೇ ಊರಿಗೂ ಬಂತು. ಊರಿನ ಹೆಸರನ್ನು ಹೊರಗಿನವರು ಇಡೀ ದೇಶಕ್ಕೆ ಅಂಟಿಸಿದರು.

ಇದಕ್ಕೆ ಪುರಾವೆಯೂ ಇದೆ. ಈಜಿಪ್ಟಿನ ಅಮರ್ನಾ ಎಂಬಲ್ಲಿ ಮಣ್ಣಿನ ಫಲಕಗಳ ಮೇಲೆ ಬರೆದ ಪತ್ರಗಳು ಸಿಕ್ಕಿವೆ. ಕ್ರಿ.ಪೂ. 14ನೇ ಶತಮಾನದಲ್ಲಿ ಬೇರೆ ಬೇರೆ ರಾಜರು ಫೇರೋಗೆ, ಅಂದರೆ ಈಜಿಪ್ಟಿನ ದೊರೆಗೆ, ಮೆಸಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ಬರೆದ ಕಾಗದಗಳು ಅವು. ಅವುಗಳಲ್ಲಿ ಮೆಂಫಿಸ್ ನಗರ ‘ಹಿಕುಪ್ತಾಹ್’ ಆಗಿದೆ. ದೇಶದ ಹೆಸರು ಮಾತ್ರ ‘ಮಿಸ್ರಿ’! ಇವತ್ತಿಗೂ ಬಳಕೆಯಲ್ಲಿರುವ ಎರಡು ಹೆಸರುಗಳು ಒಂದೇ ಪತ್ರರಾಶಿಯಲ್ಲಿ, ಮೂರು ಸಾವಿರಕ್ಕೂ ಜಾಸ್ತಿ ವರ್ಷಗಳ ಹಿಂದೆಯೇ ಇವೆ. ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ ಇದೇ.

ಗ್ರೀಕರ ಬಾಯಲ್ಲಿ ಹಿಕುಪ್ತಾಹ್ ಹೋಗಿ ಐಗುಪ್ತೋಸ್ ಆಯಿತು. ಕ್ರೀಟ್ ದ್ವೀಪದ ನೋಸಸ್‌ನಲ್ಲಿ ಸಿಕ್ಕ ಪ್ರಾಚೀನ ಫಲಕವೊಂದರಲ್ಲಿ ಒಬ್ಬ ಮನುಷ್ಯನ ಹೆಸರು ‘ಐಕುಪಿತಿಯೋ’ ಎಂದಿದೆ, ಅಂದರೆ ಈಜಿಪ್ಟಿನವನು. ಹೋಮರನ ಒಡಿಸ್ಸಿಯಲ್ಲಿ ನೈಲ್ ನದಿಗೂ ಐಗುಪ್ತೋಸ್ ಎಂದೇ ಹೆಸರು. ಅಲ್ಲಿಂದ ಲ್ಯಾಟಿನ್, ಆಮೇಲೆ ಇಂಗ್ಲಿಷ್. ಕನ್ನಡ ಬೈಬಲ್ ಓದಿದವರಿಗೆ ‘ಐಗುಪ್ತ ದೇಶ’ ಗೊತ್ತಿರುತ್ತದೆ. ಇಂಗ್ಲಿಷಿನ ಈಜಿಪ್ಟ್‌ಗಿಂತ ಅದೇ ಗ್ರೀಕ್ ಉಚ್ಚಾರಕ್ಕೆ ಹತ್ತಿರ.

ಪ್ರಾಚೀನ ಈಜಿಪ್ಟಿನವರು ಸ್ವತಃ ತಮ್ಮ ನಾಡಿಗೆ ಕೆಮೆತ್ ಎನ್ನುತ್ತಿದ್ದರು, ಕಪ್ಪು ನೆಲ ಎಂದರ್ಥ. ನೈಲ್ ಪ್ರತಿವರ್ಷ ಉಕ್ಕಿ ಬಿಟ್ಟುಹೋಗುತ್ತಿದ್ದ ಕಪ್ಪು ಮೆಕ್ಕಲು ಮಣ್ಣೇ ಅವರ ಅನ್ನ. ಆಚೆಗಿನ ಮರುಭೂಮಿಗೆ ದೆಶ್ರೆತ್, ಅಂದರೆ ಕೆಂಪು ನೆಲ.

ಗ್ರೀಕ್ ಪದ ಈಜಿಪ್ಟಿಗೇ ಮರಳಿ ಬಂದದ್ದೂ ಉಂಟು. 7ನೇ ಶತಮಾನದಲ್ಲಿ ಅರಬರು ಬಂದಾಗ ಅಲ್ಲಿನ ಜನರನ್ನು ‘ಕಿಬ್ತ್’ ಎಂದರು. ಅದು ಐಗುಪ್ತಿಯೋಸ್ ಎಂಬುದರ ಮೊಟಕು ರೂಪ. ಮೊದಲು ಅದು ಎಲ್ಲ ಸ್ಥಳೀಯರಿಗೂ ಅನ್ವಯಿಸುತ್ತಿತ್ತು. ಹೆಚ್ಚಿನವರು ಮುಸ್ಲಿಮರಾದ ಮೇಲೆ ಕ್ರೈಸ್ತರಾಗಿ ಉಳಿದವರ ಹೆಸರಾಯಿತು. ನಾವು ಕಾಪ್ಟಿಕ್ ಕ್ರೈಸ್ತರು ಅನ್ನುವುದು ಇವರನ್ನೇ. ಅವರ ಚರ್ಚಿನ ಪ್ರಾರ್ಥನೆಗಳಲ್ಲಿ ಉಳಿದಿರುವ ಕಾಪ್ಟಿಕ್, ಫೇರೋಗಳ ಭಾಷೆಯ ಕೊನೆಯ ರೂಪ. 1822ರಲ್ಲಿ ಫ್ರೆಂಚ್ ವಿದ್ವಾಂಸ ಷಾಂಪೋಲಿಯೋನ್ ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯನ್ನು ಓದಿದ್ದಕ್ಕೆ ಅವನಿಗೆ ಕಾಪ್ಟಿಕ್ ಬರುತ್ತಿದ್ದದ್ದು ದೊಡ್ಡ ಕಾರಣ.

ಮುದ್ರಣದ ಕೆಲಸದವರಿಗೆ ಈಜಿಪ್ಷಿಯನ್ ಅಂದರೆ ದಪ್ಪ ಪಾದಗಳಿರುವ ಒಂದು ಜಾತಿಯ ಅಕ್ಷರ. ನೆಪೋಲಿಯನ್‌ನ 1798ರ ದಂಡಯಾತ್ರೆಯ ನಂತರ ಯುರೋಪಿನಲ್ಲಿ ಈಜಿಪ್ಟಿನ ಹುಚ್ಚು ಹಬ್ಬಿದ ಕಾಲದ ಹೆಸರು ಅದು.

ಇನ್ನು ಜಿಪ್ಸಿ. ಹೌದು, ಈಜಿಪ್ಷಿಯನ್ ಎಂಬುದರ ತಲೆ ಕತ್ತರಿಸಿದರೆ ಜಿಪ್ಸಿ. ಸ್ಪ್ಯಾನಿಷ್‌ನ ಹಿತಾನೋ ಕೂಡ ಹಾಗೇ ಬಂದದ್ದು. ಆದರೆ ಯುರೋಪಿನಲ್ಲಿ ಅಲೆಮಾರಿಗಳೆಂದು ಹೆಸರಾದ ಆ ಜನ ಈಜಿಪ್ಟಿನವರೇ ಅಲ್ಲ. 1427ರಲ್ಲಿ ಪ್ಯಾರಿಸ್‌ಗೆ ಬಂದ ಒಂದು ಗುಂಪು ತಾವು ‘ಕೆಳ ಈಜಿಪ್ಟಿನವರು’ ಎಂದು ಹೇಳಿಕೊಂಡಿತ್ತು. ಯುರೋಪ್ ಅದನ್ನು ನಂಬಿತು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ, 1530ರಲ್ಲಿ, ‘ಈಜಿಪ್ಷಿಯನ್ನರ ಕಾಯಿದೆ’ ಎಂದೇ ಒಂದು ಕಾನೂನು ಬಂತು. ದೇಶದಲ್ಲಿದ್ದ ಜಿಪ್ಸಿಗಳು 16 ದಿನಗಳಲ್ಲಿ ಜಾಗ ಖಾಲಿ ಮಾಡಬೇಕಿತ್ತು. ಎಂದೂ ಕಾಣದ ದೇಶದ ಹೆಸರಿನಲ್ಲಿ ಒಂದು ಜನಾಂಗವನ್ನು ಅಟ್ಟಿದರು. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಅವರ ನಿಜವಾದ ಬೇರು ಭಾರತದಲ್ಲಿದೆ. ಅದನ್ನು ತೋರಿಸಿಕೊಟ್ಟದ್ದು ಅವರ ರೋಮಾನಿ ಭಾಷೆ. ಯೆಕ್, ದುಯಿ, ತ್ರಿನ್ ಎಂದು ಎಣಿಸುತ್ತಾರೆ. ಮೂಗು ನಾಕ್, ಕಿವಿ ಕಾನ್, ನೀರು ಪಾನಿ. ಹಿಂದಿ ಸ್ವಲ್ಪ ಬಂದರೂ ನಂಟು ಕಾಣುತ್ತದೆ ಅಲ್ವಾ? 1782ರಲ್ಲೇ ಜರ್ಮನಿಯ ವಿದ್ವಾಂಸ ರ‍್ಯೂಡಿಗರ್ ಇದನ್ನು ಬರೆದಿದ್ದ.

1971ರಲ್ಲಿ ಲಂಡನ್ ಬಳಿ ನಡೆದ ಮೊದಲ ವಿಶ್ವ ರೋಮಾನಿ ಸಮಾವೇಶ, ಹೊರಗಿನವರು ಕೊಟ್ಟ ಹೆಸರುಗಳನ್ನು ಬಿಟ್ಟು ‘ರೋಮ್’ (ಬಹುವಚನದಲ್ಲಿ ರೋಮಾ) ಎಂಬ ತಮ್ಮದೇ ಹೆಸರನ್ನು ಆರಿಸಿಕೊಂಡಿತು. ಬ್ರಿಟನ್ನಿನಲ್ಲಿ ಕೆಲವರು ಇಂದಿಗೂ ತಮ್ಮನ್ನು ಜಿಪ್ಸಿ ಎಂದೇ ಹೇಳಿಕೊಳ್ಳುತ್ತಾರೆ. ಅದು ಅವರ ಇಷ್ಟ. ನಾನಂತೂ ಬರೆಯುವಾಗ ರೋಮಾ ಎಂದೇ ಬಳಸುತ್ತೇನೆ.