ಸಂಬಳ ಎರಡರಷ್ಟಾದರೂ ಖುಷಿ ಯಾಕೆ ಅಷ್ಟೇ ಇದೆ?

ರಾಯಚೂರು ಬಿಟ್ಟು ತೋರಣಗಲ್ಲಿನ ಸ್ಟೀಲ್ ಕೆಲಸಕ್ಕೆ ಬಂದಿರಿ, ಸಂಬಳ ಎರಡರಷ್ಟಾಯ್ತು, ಖುಷಿ ಮಾತ್ರ ಇದ್ದಷ್ಟೇ ಇದೆ, ಈಗ ಮನೆಯವರು ಸೈಟು ತಗೋ ಅಂತಿದ್ದಾರೆ. ಇದಲ್ವಾ ನಿಮ್ಮ ಪ್ರಶ್ನೆ?

ದುಡ್ಡಿಂದ ಖುಷಿ ಬರಲ್ಲ ಅನ್ನೋದು ಸುಮ್ನೆ ಮಾತು. ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ಖುಷಿ ಏರಲ್ಲ ಅಂತ 2010ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅಮೆರಿಕದ ಲೆಕ್ಕ ಕೊಟ್ಟಿದ್ದರು. 2023ರಲ್ಲಿ ಕಾನೆಮನ್ ಅವರೇ ಬೇರೆ ಸಂಶೋಧಕರ ಜೊತೆ ಕೂತು ಅದನ್ನು ತಿದ್ದಿದರು. ಹೆಚ್ಚಿನವರಿಗೆ ಆಮೇಲೂ ಏರುತ್ತೆ. ಆದರೆ ಒಂದೊಂದು ಮೆಟ್ಟಿಲಿಗೂ ಸಂಬಳ ಇನ್ನೊಮ್ಮೆ ದುಪ್ಪಟ್ಟಾಗಬೇಕು, ಆ ಮೆಟ್ಟಿಲೂ ಚಿಕ್ಕದು. ಮೊದಲೇ ತುಂಬಾ ಬೇಸರದಲ್ಲಿರೋರಿಗೆ ಒಂದು ಮಟ್ಟದ ಮೇಲೆ ದುಡ್ಡು ಕೈಹಿಡಿಯಲ್ಲ.

ಜೊತೆಗೆ ಅಭ್ಯಾಸ ಅನ್ನೋದೊಂದಿದೆ. ಹೊಸ ಬೈಕು ಮೂರು ತಿಂಗಳಿಗೆ ಬರೀ ಬೈಕು. ಇನ್ನೊಂದು, ಬೇರೆಯವರ ಜೊತೆ ಹೋಲಿಕೆ. ಕಬ್ಬಿಣದ ಅದಿರಿನ ಗಣಿ ಜೋರಾಗಿದ್ದ ಕಾಲದಲ್ಲಿ ಹೊಸಪೇಟೆ, ಸಂಡೂರಿನ ಕಡೆ ದುಡ್ಡು ಹರಿದಾಗ ಅದೂ ಅಷ್ಟೇ ಜೋರಾಯ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಸಾಲದ ಲಾರಿಗಳು ಹಾಗೇ ನಿಂತವು.

ಆಯ್ಕೆ ಜಾಸ್ತಿ ಇದ್ದರೂ ಕಷ್ಟ. ಬಳ್ಳಾರಿಯ ಜೀನ್ಸ್ ಅಂಗಡಿಯಲ್ಲಿ ರಾಶಿ ಪ್ಯಾಂಟ್ ಬಿಚ್ಚಿಸಿ, ಒಂದು ಕೊಂಡು ಹೊರಗೆ ಬಂದ ಮೇಲೂ 'ಆ ಕಡುನೀಲಿದೇ ಚೆನ್ನಾಗಿತ್ತೇನೋ' ಅನ್ನಿಸುತ್ತಲ್ವಾ? ಎಲ್ಲದರಲ್ಲೂ ಬೆಸ್ಟೇ ಬೇಕು ಅಂತ ಹುಡುಕೋರಿಗೆ ಈ ಕಿರಿಕಿರಿ ಜಾಸ್ತಿ.

ನನ್ನ ಪ್ರಕಾರ ನಿಮ್ಮ ಗಂಟು ಇರೋದು ಸೈಟಿನಲ್ಲಿ. ಅದು ನಿಮಗೇ ಬೇಕಾ, ಇಲ್ಲ ಸಿಂಧನೂರಿನ ನೆಂಟರು ತಗೊಂಡರು ಅಂತಲಾ? ಬ್ಯಾಂಕಿಗೆ ಅರ್ಜಿ ಹಾಕೋಕೆ ಮುಂಚೆ ಮನೆಯವರ ಹತ್ತಿರ ಕೂತು ಇದನ್ನ ಮಾತಾಡಿ.