ವಿಲ್ಲಿಸ್ ಅವರ ಮೆದುಳಿನ ಪುಸ್ತಕ: ಇಸವಿಯೊಂದನ್ನೇ ನಂಬಬೇಡಿ

ನಮಸ್ಕಾರ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಮೆದುಳಿನ ರಚನೆ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ 'ಸೆರೆಬ್ರಿ ಅನಾಟೊಮೆ' ನಿಮಗೆ ಸಿಕ್ಕಿದೆ, ಅದರಲ್ಲಿ 1664 ಅಂತ ಇದೆ, ಹಾಗಾದರೆ ಅದು ಮೊದಲ ಮುದ್ರಣವೇ, ಹೊಸದಾಗಿ ಬೈಂಡ್ ಮಾಡಿಸಬಹುದೇ ಅಂತ ಕೇಳಿದ್ದೀರಿ.

ಇಸವಿ ಒಂದೇ ಸಾಲದು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲೂ ಇದು ಅಂಗೈ ಅಗಲದ ಪುಟ್ಟ ಪುಸ್ತಕವಾಗಿ ಅಚ್ಚಾಯಿತು. ಹಾಗಾಗಿ ಮುಖಪುಟದ ಕೆಳಗೆ 'ಲಂಡಿನಿ' (Londini, ಅಂದರೆ ಲ್ಯಾಟಿನ್‌ನಲ್ಲಿ 'ಲಂಡನ್ನಿನಲ್ಲಿ') ಅಂತ ಇದೆಯಾ ನೋಡಿ, ಪುಟದ ಅಳತೆಯನ್ನೂ ಬರೆದುಕೊಳ್ಳಿ. ಲಂಡನ್ನಿನ ಮೊದಲ ಮುದ್ರಣ ದೊಡ್ಡ ಕ್ವಾರ್ಟೊ ಅಳತೆಯದು, ಅಂದರೆ ಅಚ್ಚಿನ ಹಾಳೆಯನ್ನು ಎರಡು ಸಲ ಮಡಚಿ ನಾಲ್ಕು ಎಲೆ ಮಾಡಿದ್ದು.

ಆಮೇಲೆ ಚಿತ್ರಗಳನ್ನು ಒಂದೊಂದಾಗಿ ಎಣಿಸಿ. ಇಂಥ ಪುಸ್ತಕಗಳಲ್ಲಿ ಮೊದಲು ಕಳೆದುಹೋಗುವುದು ಅವೇ. ಕೆಲವನ್ನು ಬರೆದವರು ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚ್ ಕಟ್ಟಿಸಿದವರು! ಮೆದುಳನ್ನು ಬುಡಮೇಲು ಮಾಡಿ ತೋರಿಸಿದ ಚಿತ್ರ ಇದ್ದೇ ಇರಬೇಕು. ಅದರ ನಡುವೆ ರಕ್ತನಾಳಗಳು ಒಂದು ಬಳೆಯ ಹಾಗೆ ಕೂಡಿಕೊಂಡಿರುತ್ತವೆ. ಇವತ್ತಿಗೂ ವೈದ್ಯರು ಅದನ್ನು 'ಸರ್ಕಲ್ ಆಫ್ ವಿಲ್ಲಿಸ್' ಅಂತಲೇ ಕರೆಯುತ್ತಾರೆ. ಒಂದು ಶವದಲ್ಲಿ ಮೆದುಳಿಗೆ ಹೋಗುವ ಒಂದು ಕಡೆಯ ದೊಡ್ಡ ರಕ್ತನಾಳ ಕಲ್ಲಿನಂತೆ ಗಟ್ಟಿಯಾಗಿ ಮುಚ್ಚಿಹೋಗಿದ್ದನ್ನು ವಿಲ್ಲಿಸ್ ಕಂಡರು. ಆದರೂ ಆ ಮನುಷ್ಯನಿಗೆ ಪಾರ್ಶ್ವವಾಯು ಆಗಿರಲಿಲ್ಲ. ರಕ್ತ ಬೇರೆ ದಾರಿಯಲ್ಲಿ ಬಂದು ಸೇರುತ್ತಿತ್ತು. ಆ ಪುಟ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೈಂಡಿಂಗ್ ಮಾತ್ರ ದಯವಿಟ್ಟು ಬೇಡ. ಅಂಚು ಕತ್ತರಿಸಿದರೆ ಚಿತ್ರವೂ ಹೋಗುತ್ತದೆ. ಹರಿದ ಕಡೆ ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಕಲೆ ಹೋಗುವುದಿಲ್ಲ. ಬಿಸಿಲು, ತೇವ ಎರಡೂ ತಾಗದ ಕಡೆ ಮಲಗಿಸಿ ಇಡಿ. ಮುಖಪುಟದ ಫೋಟೋ ಹಾಕಿ, ನೋಡಿ ಹೇಳುತ್ತೇನೆ.